ಆ ಹತ್ತು ಅಂಕ ಅವಳದ್ದು

ಉತ್ತರ ಕನ್ನಡ ಜಿಲ್ಲೆಯಲ್ಲಿ ಮಕ್ಕಳಿಗೆ ವಿಜ್ಞಾನ ರಸಪ್ರಶ್ನೆ ನಡೆಸುವ ಸಂಘಟಕರಿಗೆ, ಪ್ರಶ್ನೆಪತ್ರಿಕೆ ತೆಗೆಯುವ ಮತ್ತು ಉತ್ತರಪತ್ರಿಕೆ ತಿದ್ದುವ ನನ್ನ ಹಳೆಯ ಜೊತೆಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೋದ ಡಿಸೆಂಬರಿನಲ್ಲಿ ಕಾರವಾರದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಡೆದ ವಿಜ್ಞಾನ ರಸಪ್ರಶ್ನೆಯಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ನಾನು ಸೊನ್ನೆ ಕೊಟ್ಟೆ. ಅವಳ ಉತ್ತರ ಸರಿ ಇತ್ತು, ನನ್ನ ಕೈಯಲ್ಲಿದ್ದ ಕಾರ್ಡಿನ ಉತ್ತರ ತಪ್ಪಿತ್ತು. ಇದು ನನ್ನ ತಲೆಗೆ ಹೋಗಲು ಒಂದು ವಾರ ಹಿಡಿಯಿತು, ಬಾಯಿಬಿಟ್ಟು ಒಪ್ಪಿಕೊಳ್ಳಲು ಒಂದು ಮಳೆಗಾಲವೇ ಕಳೆಯಿತು. ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದ ಅಕ್ಕೋರಿಗೆ ಇದೇನು ಹೇಳಿಕೊಳ್ಳುವಂಥ ಸಂಗತಿಯಲ್ಲ. ಆದರೂ ಬರೆಯುತ್ತಿದ್ದೇನೆ. ದಸರಾ ರಜೆ ಮುಗಿಯುತ್ತಲೇ ರಸಪ್ರಶ್ನೆಗಳ ಹಂಗಾಮು ಶುರುವಾಗುತ್ತದೆ, ಅದೇ ಕಾರ್ಡನ್ನು ಇನ್ಯಾವುದೋ ಶಾಲೆಯಲ್ಲಿ ಇನ್ಯಾರೋ ಓದುತ್ತಾರೆ.

ಪ್ರಶ್ನೆ ಹೀಗಿತ್ತು: "ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಲೇ ಇರುವುದಕ್ಕೆ ಕಾರಣವೇನು?"

ಬಜರ್ ಒತ್ತಿದ್ದು ಮೂರನೇ ತಂಡದ ಹುಡುಗಿ. ಅಪ್ಪ ಬೈತಖೋಲ ಬಂದರಿನಿಂದ ಪರ್ಸೀನ್ ಬಲೆಯ ಮೀನುಗಾರಿಕೆ ಬೋಟಿಗೆ ಹೋಗುವವರು. "ಗೊತ್ತಿಲ್ಲ ಅಕ್ಕೋರೆ" ಅಂದಳು. ಸಭೆ ನಕ್ಕಿತು. ಗೊತ್ತಿಲ್ಲದಿದ್ದರೆ ಬಜರ್ ಯಾಕೆ ಒತ್ತಿದೆ ಮಾರಾಯ್ತಿ ಎಂದು ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ. "ನಂಗೆ ಗೊತ್ತಿಲ್ಲ ಅಂತಲ್ಲ. ಯಾರಿಗೂ ಗೊತ್ತಾಗ್ಲಿಲ್ಲ ಇನ್ನೂ. ಡಾರ್ಕ್ ಎನರ್ಜಿ ಅಂತ ಹೆಸರು ಮಾತ್ರ ಇಟ್ಟಿದ್ದಾರೆ."

ಕಾರ್ಡಿನಲ್ಲಿ ಉತ್ತರ 'ಡಾರ್ಕ್ ಎನರ್ಜಿ' ಎಂದೇ ಇತ್ತು. ಅಲ್ಲಿಗೇ ಅಂಕ ಕೊಟ್ಟುಬಿಡಬಹುದಿತ್ತು. ನಾನು ನಿಯಮ ನೋಡಿದೆ. ಕೊನೆಯ ಉತ್ತರ ಯಾವುದು ಹೇಳು, ಗೊತ್ತಿಲ್ಲ ಅಂತಲೋ, ಡಾರ್ಕ್ ಎನರ್ಜಿ ಅಂತಲೋ ಎಂದು ಕೇಳಿದೆ. ಅವಳಿಗೆ ದಾರಿ ತೋರಿಸಿಯೇ ಕೇಳಿದ್ದು. ಹುಡುಗಿ ಒಂದು ಕ್ಷಣ ಪಕ್ಕದವಳ ಮುಖ ನೋಡಿ, "ಗೊತ್ತಿಲ್ಲ ಅಂತ್ಲೇ" ಅಂದಳು. ಪ್ರಶ್ನೆ ಮುಂದಿನ ತಂಡಕ್ಕೆ ಹೋಯಿತು. ಘಟ್ಟದ ಮೇಲಿನ ಶಾಲೆಯ ಹುಡುಗರು ಒಂದೇ ಉಸಿರಿಗೆ "ಡಾರ್ಕ್ ಎನರ್ಜಿ" ಎಂದು ಹತ್ತು ಅಂಕ ಎತ್ತಿಕೊಂಡರು. ಮೂರನೇ ತಂಡ ಐದು ಅಂಕದಿಂದ ಸೋತಿತು.

ಕಾರ್ಯಕ್ರಮ ಮುಗಿದು ಅವಲಕ್ಕಿ, ಚಹಾ ಹಂಚುವಾಗ ಅವಳು ನನ್ನ ಹತ್ತಿರ ಬಂದಳು. ಜಗಳಕ್ಕೇನಲ್ಲ. "ಅಕ್ಕೋರೆ, ಮೈ ಸುಡೂಕೆ ಕಾರಣ ಏನು ಅಂತ ಡಾಕ್ಟ್ರನ್ನ ಕೇಳಿದ್ರೆ ಜ್ವರ ಅಂದಂಗೆ ಆಗೂದಿಲ್ವಾ ಇದು?" ನಾನು ಏನೋ ಹೇಳಿ ಜಾರಿಕೊಂಡೆ. ಏನು ಹೇಳಿದೆ ಎಂದು ಈಗ ನೆನಪಿಲ್ಲ. ನೆನಪಿಡುವಂಥ ಮಾತಾಗಿರಲಿಕ್ಕಿಲ್ಲ.

ನನ್ನ ತವರು ಶಿರಸಿ ಕಡೆ. ಅಡಿಕೆ ತೋಟದ ಮನೆ. ಆಷಾಢದ ಮಳೆ ಹಿಡಿದರೆ ಬಿಡದಂತೆ ಹೊಯ್ಯುವಾಗ ಮರದ ಬುಡದಲ್ಲಿ ಎಳೆಕಾಯಿ ಉದುರಿ ಬೀಳತೊಡಗಿದರೆ ಅಪ್ಪಯ್ಯ ಒಂದು ಕಾಯಿ ಹೆಕ್ಕಿ, ತೊಟ್ಟಿನ ಹತ್ತಿರದ ನೀರುನೀರಾದ ಕಲೆ ನೋಡಿ, "ಕೊಳೆ ಬಂತು" ಅನ್ನುತ್ತಿದ್ದರು. ಕಾಯಿ ಯಾಕೆ ಉದುರಿತು? ಕೊಳೆ ಬಂದದ್ದಕ್ಕೆ. ಕೊಳೆ ಅಂದರೆ ಏನು? ಕಾಯಿ ಕೊಳೆತು ಉದುರುವುದು. ನಮ್ಮ ಅಜ್ಜಂದಿರ ಅಜ್ಜಂದಿರೂ ಇದೇ ಸುತ್ತಿನಲ್ಲಿ ಸುತ್ತಿದವರು. ಅವರು ದಡ್ಡರಾಗಿರಲಿಲ್ಲ. ಯಾವ ಮಳೆಗೆ ಬರುತ್ತದೆ, ಯಾವ ತೋಟಕ್ಕೆ ಮೊದಲು ಬರುತ್ತದೆ, ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟಿದರೆ ಎಷ್ಟು ಉಳಿಯುತ್ತದೆ ಎಲ್ಲ ಗೊತ್ತಿತ್ತು. ಕಾರಣ ಒಂದು ಗೊತ್ತಿರಲಿಲ್ಲ. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರ ಸುಮಾರಿಗೆ ಇದು ಫೈಟಾಫ್ತೊರ ಎಂಬ, ಕಣ್ಣಿಗೆ ಕಾಣದ, ಶಿಲೀಂಧ್ರವನ್ನು ಹೋಲುವ ಜೀವಿಯ ಕೆಲಸ ಎಂದು ತೋರಿಸಿ, ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯಲು ಹೇಳಿದ. ಅಡಿಕೆ ಗೊನೆ ಇಳಿಸುವ ಕೊನೆಗೌಡ ಇವತ್ತಿಗೂ ಮರ ಹತ್ತಿ ಹೊಡೆಯುವುದು ಅದನ್ನೇ. ಹೆಸರು ಮೊದಲಿನಿಂದ ಇತ್ತು. ಕಾರಣ ಬಂದ ಮೇಲೆಯೇ ಔಷಧಿ ಬಂದದ್ದು.

ಡಾರ್ಕ್ ಎನರ್ಜಿ ಇನ್ನೂ ಆ 'ಕೊಳೆ ಬಂತು' ಹಂತದಲ್ಲಿದೆ. ಕಾಯಿ ಉದುರುತ್ತಿರುವುದು ದಿಟ, ಎಷ್ಟು ಉದುರಿತು ಎಂಬ ಲೆಕ್ಕವೂ ಪಕ್ಕಾ. ಯಾಕೆ ಎಂದು ಕೇಳಿದರೆ ಹೆಸರು ಹೇಳುತ್ತೇವೆ. ಆ ಹೆಸರೂ ಹಳೆಯದಲ್ಲ. ಅಮೆರಿಕದ ವಿಜ್ಞಾನಿ ಮೈಕೆಲ್ ಟರ್ನರ್ 1998ರಲ್ಲಿ ಇಟ್ಟದ್ದು. 'ಡಾರ್ಕ್' ಎಂದರೆ ಇಲ್ಲಿ ಕಪ್ಪು ಬಣ್ಣವಲ್ಲ, ನಮಗೆ ಕತ್ತಲು ಎಂದು. ಕನ್ನಡಕ್ಕೆ ಬರುವಾಗ ಅದು ಕಪ್ಪು ಶಕ್ತಿಯೂ ಕರಾಳ ಶಕ್ತಿಯೂ ಆಗಿ, ಪರದೆ ಹಿಂದೆ ಅಬ್ಬರ ಕೊಡುವ ಯಕ್ಷಗಾನದ ಬಣ್ಣದ ವೇಷದಂತೆ ಕೇಳಿಸತೊಡಗಿತು. 'ಕರಾಳ ಶಕ್ತಿ' ಎಂದು ಹಲಗೆ ಮೇಲೆ ಬರೆದಾಗ ಒಬ್ಬ ಹುಡುಗ ಇದು ಮಾಟ ಮಾಡುವವರ ವಿಷಯವೇ ಎಂದು ಕೇಳಿದ್ದ. ಹಾಗಾಗಿ ಈ ಪತ್ರದಲ್ಲಿ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿದ್ದೇನೆ.

ಲೆಕ್ಕ ಪಕ್ಕಾ ಅಂದೆನಲ್ಲ, ಅದು ಹೇಗೆಂದು ಹೇಳಬೇಕು. ಇದನ್ನು ನನಗೆ ಚೆನ್ನಾಗಿ ಅರ್ಥ ಮಾಡಿಸಿದವಳೂ ಅದೇ ಹುಡುಗಿ.

ಜನವರಿಯಲ್ಲಿ ಒಂದು ಸಂಜೆ ಅವಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಕಾರವಾರದ ಕಡಲ ದಂಡೆಗೆ ಕರೆದಿದ್ದೆ. ಕತ್ತಲಾಗುತ್ತಲೇ ದೂರದಲ್ಲಿ ಬೋಟುಗಳ ದೀಪ ಒಂದೊಂದಾಗಿ ಕಾಣಿಸಿದವು. ದೇವಗಡ ದ್ವೀಪದ ದೀಪಸ್ತಂಭ ತನ್ನ ಪಾಡಿಗೆ ಹೊತ್ತಿ ಆರುತ್ತಿತ್ತು. ಒಂದು ಮಂಕು ದೀಪ ತೋರಿಸಿ, ಅದು ಎಷ್ಟು ದೂರ ಹೇಳು ನೋಡುವಾ ಅಂದೆ. "ಯಾವ ಬೋಟು ಅಂತ ಗೊತ್ತಿದ್ರೆ ಹೇಳ್ಬಹುದು ಅಕ್ಕೋರೆ" ಅಂದಳು. ಸಣ್ಣ ಪಾತಿ ದೋಣಿಯ ದೀಪ ಹತ್ತಿರವಿದ್ದರೂ ಮಂಕು, ದೊಡ್ಡ ಬೋಟಿನ ಎಲ್‌ಇಡಿ ದೂರವಿದ್ದರೂ ಕಣ್ಣು ಕುಕ್ಕುತ್ತದೆ. ದೀಪದ ನಿಜವಾದ ಶಕ್ತಿ ಗೊತ್ತಿದ್ದರೆ ಮಾತ್ರ ಮಂಕನ್ನು ನೋಡಿ ದೂರ ಹೇಳಬಹುದು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಾಗುತ್ತದೆ.

ಆಕಾಶದಲ್ಲಿ ಅಂಥ ಗೊತ್ತಿರುವ ದೀಪ ಒಂದನೇ-ಎ ಬಗೆಯ ಸೂಪರ್‌ನೋವಾ. ಸೂರ್ಯನಂಥ ನಕ್ಷತ್ರ ಸತ್ತು ಉಳಿದ ಶ್ವೇತಕುಬ್ಜ ಪಕ್ಕದ ನಕ್ಷತ್ರದಿಂದ ದ್ರವ್ಯ ಎಳೆದುಕೊಳ್ಳುತ್ತಾ ಸೂರ್ಯನ ಸುಮಾರು 1.4 ಪಟ್ಟು ತೂಕದ ಹತ್ತಿರ ಬಂದಾಗ ಸಿಡಿಯುತ್ತದೆ. ಹೆಚ್ಚುಕಡಿಮೆ ಒಂದೇ ತೂಕಕ್ಕೆ ಸಿಡಿಯುವುದರಿಂದ ಬೆಳಕೂ ಹೆಚ್ಚುಕಡಿಮೆ ಒಂದೇ. ಈ ತೂಕದ ಮಿತಿಯ ಲೆಕ್ಕ ಹುಟ್ಟಿದ್ದು ಹಡಗಿನ ಮೇಲೆ. 1930ರ ಜುಲೈ ಕೊನೆಗೆ ಮುಂಬಯಿಯಿಂದ ಹೊರಟ ಹಡಗಿನಲ್ಲಿ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇಂಗ್ಲೆಂಡಿಗೆ ಓದಲು ಹೋಗುತ್ತಾ ದಾರಿಯಲ್ಲಿ ಈ ಲೆಕ್ಕಕ್ಕೆ ಕೈಹಾಕಿದ್ದರು. ನಾವು ನಾಲ್ವರು ಕೂತಿದ್ದ ದಂಡೆಯ ಎದುರಿಗಿದ್ದದ್ದೂ ಅದೇ ಅರಬ್ಬೀ ಸಮುದ್ರ ಎಂದಾಗ ಹುಡುಗಿಯರು ನೀರಿನ ಕಡೆ ನೋಡಿದ ರೀತಿ ನನಗೆ ಮರೆಯುವುದಿಲ್ಲ.

'ಹೆಚ್ಚುಕಡಿಮೆ' ಎಂಬುದನ್ನೂ ವಿಜ್ಞಾನಿಗಳು ಸುಮ್ಮನೆ ಬಿಟ್ಟಿರಲಿಲ್ಲ. ನಿಧಾನಕ್ಕೆ ಮಂಕಾಗುವ ಸೂಪರ್‌ನೋವಾ ಹೆಚ್ಚು ಬೆಳಗುವಂಥದ್ದು, ಬೇಗ ಆರುವುದು ಕಡಿಮೆ ಬೆಳಗುವಂಥದ್ದು ಎಂದು ಮಾರ್ಕ್ ಫಿಲಿಪ್ಸ್ 1993ರಲ್ಲಿ ತೋರಿಸಿದ ಮೇಲೆ ಈ ದೀಪಗಳನ್ನು ಒಂದೇ ಅಳತೆಗೆ ತರುವುದು ಸಾಧ್ಯವಾಯಿತು.

ಎರಡು ತಂಡಗಳು ಕೆಲಸಕ್ಕಿಳಿದವು. ಒಂದಕ್ಕೆ ಸಾಲ್ ಪರ್ಲ್‌ಮಟರ್ ಮುಂದಾಳು. ಇನ್ನೊಂದಕ್ಕೆ ಬ್ರಯಾನ್ ಶ್ಮಿಟ್, ಅದರಲ್ಲಿ ಲೆಕ್ಕದ ಮುಖ್ಯ ಭಾಗ ಮಾಡಿದವರು ಆಡಮ್ ರೀಸ್. ಇಬ್ಬರೂ ಹುಡುಕುತ್ತಿದ್ದದ್ದು ಹಿಗ್ಗುವಿಕೆ ಎಷ್ಟು ನಿಧಾನವಾಗುತ್ತಿದೆ ಎಂಬುದನ್ನು. ಮೇಲೆಸೆದ ಕಲ್ಲು ಏರುತ್ತಾ ನಿಧಾನವಾಗುತ್ತದೆ. ಗ್ಯಾಲಕ್ಸಿಗಳೂ ಒಂದನ್ನೊಂದು ಎಳೆಯುತ್ತಿರುವಾಗ ವಿಶ್ವದ ಹಿಗ್ಗುವಿಕೆಯೂ ನಿಧಾನವಾಗಲೇಬೇಕು. 1998ರಲ್ಲಿ ಸಿಕ್ಕಿದ್ದು ಉಲ್ಟಾ. ದೂರದ ಸೂಪರ್‌ನೋವಾಗಳು ಲೆಕ್ಕಕ್ಕಿಂತ ಮಂಕಾಗಿದ್ದವು. ರೀಸ್ ತಂಡದ ಪ್ರಕಾರ ಇರಬೇಕಾದ್ದಕ್ಕಿಂತ ಶೇ 10ರಿಂದ 15ರಷ್ಟು ಹೆಚ್ಚು ದೂರದಲ್ಲಿದ್ದವು. ಪರ್ಲ್‌ಮಟರ್ ತಂಡದ 42 ಸೂಪರ್‌ನೋವಾಗಳೂ ಅದನ್ನೇ ಹೇಳಿದವು. ಎಸೆದ ಕಲ್ಲು ಕೈಬಿಟ್ಟ ಮೇಲೆ ಇನ್ನೂ ಜೋರಾಗಿ ಮೇಲಕ್ಕೆ ಹೋದಂತೆ.

ಇಷ್ಟು ಹೇಳುವ ಹೊತ್ತಿಗೆ ನನ್ನ ಹುಡುಗಿ, ನಡುವೆ ಮಂಜು ಇದ್ದಿದ್ದರೂ ದೀಪ ಮಂಕಾಗಿ ಕಾಣೂದಿಲ್ವಾ ಅಂದಳು. 1998ರಲ್ಲಿ ಆ ಎರಡೂ ತಂಡಗಳನ್ನು ನಿದ್ದೆಗೆಡಿಸಿದ ಪ್ರಶ್ನೆ ಇದೇ. ಗ್ಯಾಲಕ್ಸಿಗಳ ನಡುವಿನ ದೂಳು ಬೆಳಕನ್ನು ತಿಂದಿರಬಹುದಲ್ಲ? ದೂಳು ನೀಲಿ ಬೆಳಕನ್ನು ಹೆಚ್ಚು ತಿಂದು ಕೆಂಪನ್ನು ಬಿಡುತ್ತದೆ. ಆದ್ದರಿಂದ ಬಣ್ಣ ನೋಡಿ ಅದನ್ನು ಹಿಡಿಯಬಹುದು. ಆಮೇಲೆ ಇನ್ನೂ ದೂರದ ಸೂಪರ್‌ನೋವಾಗಳು ಸಿಕ್ಕಿದವು. ಡಾರ್ಕ್ ಎನರ್ಜಿಯ ಕೈ ಇನ್ನೂ ಮೇಲಾಗಿರದ ಕಾಲದ ಆ ದೀಪಗಳು ದೂಳಿನ ಲೆಕ್ಕಕ್ಕಿಂತ ಪ್ರಕಾಶವಾಗಿಯೇ ಇದ್ದವು. ಸೂಪರ್‌ನೋವಾಗಳ ಹಂಗೇ ಇಲ್ಲದೆ ಆದಿವಿಶ್ವದ ಉಳಿದ ಬೆಳಕು, ಗ್ಯಾಲಕ್ಸಿಗಳ ಹರಡುವಿಕೆ ಕೂಡ ಇದೇ ಮಾತು ಹೇಳಿದವು. 2011ರಲ್ಲಿ ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೂ ನೊಬೆಲ್ ಬಂತು. ನೊಬೆಲ್ ಕೊಟ್ಟದ್ದು ವೇಗ ಹೆಚ್ಚುತ್ತಿದೆ ಎಂದು ಕಂಡುಹಿಡಿದದ್ದಕ್ಕೆ, ಯಾಕೆ ಎಂದು ಹೇಳಿದ್ದಕ್ಕಲ್ಲ. ನಮ್ಮ ಕಾರ್ಡು ಬರೆದವರು ಅಷ್ಟನ್ನಾದರೂ ಗಮನಿಸಬಹುದಿತ್ತು.

ಕಾರ್ಡುಗಳ ಮಾತು ಬಂತು, ಇನ್ನೆರಡು ಹೇಳಿಬಿಡುತ್ತೇನೆ. "ವಿಶ್ವಸ್ಥಿರಾಂಕವನ್ನು ತನ್ನ ಜೀವನದ ಅತಿ ದೊಡ್ಡ ತಪ್ಪು ಎಂದವರು ಯಾರು?" ಉತ್ತರ: ಐನ್‌ಸ್ಟೈನ್. ವಿಶ್ವಸ್ಥಿರಾಂಕ ಎಂದರೆ ಅವರು ತಮ್ಮ ಗುರುತ್ವದ ಸಮೀಕರಣಕ್ಕೆ ಸೇರಿಸಿ, ಆಮೇಲೆ ಕೈಬಿಟ್ಟ ಒಂದು ಸಂಖ್ಯೆ. ಈ ಪ್ರಶ್ನೆ ನಮ್ಮ ರಸಪ್ರಶ್ನೆಗಳ ಮನೆದೇವರು. ಈ ಮಾತು ನಮಗೆ ಸಿಕ್ಕಿರುವುದು ಐನ್‌ಸ್ಟೈನ್ ಬರಹದಿಂದಲ್ಲ, ಭೌತವಿಜ್ಞಾನಿ ಜಾರ್ಜ್ ಗ್ಯಾಮೋ ನೆನಪಿನಿಂದ ಬರೆದದ್ದರಿಂದ. "ವಿಶ್ವ ಹಿಗ್ಗುತ್ತಿದೆ ಎಂದು ಮೊದಲು ಹೇಳಿದವರು?" ಉತ್ತರ: ಹಬಲ್, 1929. ಬೆಲ್ಜಿಯಮ್ಮಿನ ಪಾದ್ರಿ ಜಾರ್ಜ್ ಲಮೇತ್ರ್ 1927ರಲ್ಲೇ ಹೇಳಿದ್ದರು. 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಹಿಗ್ಗುವಿಕೆಯ 'ಹಬಲ್ ನಿಯಮ'ದ ಹೆಸರಿಗೆ ಲಮೇತ್ರ್ ಅನ್ನೂ ಸೇರಿಸಲು ಮತ ಹಾಕಿತು. ನಮ್ಮ ಕಾರ್ಡುಗಳಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಆ ಹುಡುಗಿಯ 'ಗೊತ್ತಿಲ್ಲ' ಸೋಮಾರಿಯ ಗೊತ್ತಿಲ್ಲ ಅಲ್ಲ ಎಂದು ನಿಮಗೆ ಒಪ್ಪಿಸಬೇಕಾದರೆ ಒಗಟು ಎಲ್ಲಿದೆ ಎಂದು ನಾನು ಹೇಳಲೇಬೇಕು.

ನೆಂಟರು ಹೆಚ್ಚಾದರೆ ನಮ್ಮಲ್ಲಿ ಅಪ್ಪೆಹುಳಿಗೆ (ಮಾವಿನಕಾಯಿಯ ಹುಳಿ ಸಾರು) ಒಂದು ಚೊಂಬು ನೀರು ಹೊಯ್ಯುತ್ತೇವೆ. ಎಲ್ಲರಿಗೂ ಸಾಲುತ್ತದೆ, ರುಚಿ ತೆಳುವಾಗುತ್ತದೆ. ವಿಶ್ವದ ದ್ರವ್ಯವೂ ಹಾಗೆಯೇ. ಉದ್ದ, ಅಗಲ, ಎತ್ತರ ಎರಡು ಪಟ್ಟಾದರೆ ದ್ರವ್ಯ ಎಂಟನೇ ಒಂದು ಪಾಲಿನಷ್ಟು ತೆಳುವಾಗುತ್ತದೆ. ಡಾರ್ಕ್ ಎನರ್ಜಿ ಎಷ್ಟು ನೀರು ಹೊಯ್ದರೂ ತೆಳುವಾಗದ ಅಪ್ಪೆಹುಳಿ. ಜಾಗ ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ಅಂದರೆ ಅದು ಜಾಗದೊಳಗೆ ತುಂಬಿಟ್ಟ ವಸ್ತುವಿನ ಹಾಗಿಲ್ಲ, ಜಾಗದ್ದೇ ಗುಣದ ಹಾಗಿದೆ. ಇನ್ನು, ಐನ್‌ಸ್ಟೈನ್ ಗುರುತ್ವದಲ್ಲಿ ತೂಕದಷ್ಟೇ ಒತ್ತಡಕ್ಕೂ ಮಾತಿದೆ, ಅದೂ ಮೂರು ಪಟ್ಟು. ತೆಳುವಾಗದ ಇಂಥ ಶಕ್ತಿಯ ಒತ್ತಡ ಋಣ, ಹಾಗಾಗಿ ಕೂಡಿಕಳೆದ ಮೇಲೆ ಎಳೆಯುವ ಬದಲು ತಳ್ಳುತ್ತದೆ. 1917ರಲ್ಲಿ ಐನ್‌ಸ್ಟೈನ್ ವಿಶ್ವವನ್ನು ಅಲುಗದಂತೆ ನಿಲ್ಲಿಸಲು ಸಮೀಕರಣಕ್ಕೆ ಸೇರಿಸಿ, ಆಮೇಲೆ ಕೈಬಿಟ್ಟ ವಿಶ್ವಸ್ಥಿರಾಂಕ ಇದೇ ಕೆಲಸ ಮಾಡುವಂಥದ್ದು.

ಎಷ್ಟಿದೆ ಇದು? ನಾನು ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆ. ಇಡೀ ಭೂಮಿಯಷ್ಟು ದೊಡ್ಡ ಜಾಗದಲ್ಲಿರುವ ಡಾರ್ಕ್ ಎನರ್ಜಿಯನ್ನೆಲ್ಲ ಒಟ್ಟು ಮಾಡಿ ತಕ್ಕಡಿಗೆ ಹಾಕಿದರೆ 6ರಿಂದ 7 ಮಿಲಿಗ್ರಾಂ. ಒಂದು ಅಕ್ಕಿಕಾಳಿನ ಅರ್ಧವೂ ಇಲ್ಲ! ಆದರೆ ಖಾಲಿ ಜಾಗ ಎಲ್ಲೆಲ್ಲೂ ಇದೆ, ದ್ರವ್ಯ ಅಲ್ಲಲ್ಲಿ ಮಾತ್ರ. ಹಾಗಾಗಿ ಒಟ್ಟು ಲೆಕ್ಕದಲ್ಲಿ ವಿಶ್ವದ ಶೇ 68ರಷ್ಟು ಇದೇ. ಶೇ 27 ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದೆ ಎಳೆತದಿಂದ ಮಾತ್ರ ಗೊತ್ತಾಗುವ ದ್ರವ್ಯ. ನಾನು, ನೀವು, ಕಾಳಿ ನದಿ, ಸಹ್ಯಾದ್ರಿ, ಸೂರ್ಯ, ಕಾಣುವ ಎಲ್ಲ ನಕ್ಷತ್ರ ಸೇರಿ ಉಳಿದ ಶೇ 5ರೊಳಗೆ.

ಹಾಗಾದರೆ ಖಾಲಿ ಜಾಗಕ್ಕೆ ಶಕ್ತಿ ಎಲ್ಲಿಂದ ಬಂತು? ಕ್ವಾಂಟಂ ಭೌತಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇದ್ದಂತೆ ಕಾಣುತ್ತದೆ. ನಿರ್ವಾತ ಎಂಬುದು ಪೂರ್ತಿ ಶಾಂತವಲ್ಲ, ಕ್ಷೇತ್ರಗಳ ನಡುಕ ಎಂದೂ ನಿಲ್ಲುವುದಿಲ್ಲ. ಗಾಳಿ ಬಿದ್ದ ದಿನವೂ ಕಡಲು ಪೂರ್ತಿ ಅಲುಗದೆ ನಿಂತದ್ದನ್ನು ನೋಡಿದವರುಂಟೇ? ಇದು ಬರೀ ಕಲ್ಪನೆಯಲ್ಲ. ಎರಡು ಲೋಹದ ಫಲಕಗಳನ್ನು ತೀರ ಹತ್ತಿರ ಹಿಡಿದರೆ ಈ ನಡುಕವೇ ಅವನ್ನು ಒಂದರ ಕಡೆ ಒಂದನ್ನು ತಳ್ಳುತ್ತದೆ ಎಂದು ಹೆಂಡ್ರಿಕ್ ಕಾಸಿಮಿರ್ 1948ರಲ್ಲಿ ಹೇಳಿದ್ದು 1997ರ ಹೊತ್ತಿಗೆ ಚೆನ್ನಾಗಿ ಅಳತೆಗೂ ಸಿಕ್ಕಿತು. ಈ ನಡುಕದ ಶಕ್ತಿಯನ್ನು ವಿಶ್ವಸ್ಥಿರಾಂಕಕ್ಕೆ ಗಂಟುಹಾಕಿ ನೋಡಿದವರು ರಷ್ಯದ ಯಾಕೋವ್ ಜೆಲ್ಡೊವಿಚ್, 1967ರಲ್ಲಿ.

ಗಂಟು ಹಾಕಿದರೆ ಏನಾಗುತ್ತದೆ? ಎಲ್ಲ ನಡುಕಗಳನ್ನೂ ಕೂಡಿಸುತ್ತಾ ನಮಗೆ ತಿಳಿದ ಭೌತಶಾಸ್ತ್ರ ನಿಲ್ಲುವ ತುದಿಯವರೆಗೆ ಹೋದರೆ ಬರುವ ಉತ್ತರ, ಆಕಾಶದಲ್ಲಿ ಅಳೆದದ್ದಕ್ಕಿಂತ ಒಂದರ ಮುಂದೆ 120 ಸೊನ್ನೆಗಳಷ್ಟು ಪಟ್ಟು ದೊಡ್ಡದು. ನಮಗೆ ಕಾಣುವ ಇಡೀ ವಿಶ್ವದ ಪರಮಾಣುಗಳನ್ನು ಎಣಿಸಿದರೂ 80 ಸೊನ್ನೆ ಸಾಕು. ಅಷ್ಟು ದೂರ ಹೋಗದೆ ಪ್ರಯೋಗಾಲಯದಲ್ಲಿ ಪರೀಕ್ಷೆಯಾದಲ್ಲಿಗೇ ಕೂಡಿಸುವುದನ್ನು ನಿಲ್ಲಿಸಿದರೂ 50ಕ್ಕೂ ಹೆಚ್ಚು ಸೊನ್ನೆಯ ತಪ್ಪು ಉಳಿಯುತ್ತದೆ. ವೋಲ್ಫ್‌ಗಾಂಗ್ ಪೌಲಿ ಎಂಬ ಭೌತವಿಜ್ಞಾನಿ ಎಷ್ಟೋ ಮೊದಲೇ ಇಂಥದೇ ಲೆಕ್ಕ ಹಾಕಿ, ಹೀಗಾದರೆ ವಿಶ್ವ ಚಂದ್ರನವರೆಗೂ ಮುಟ್ಟಲಿಕ್ಕಿಲ್ಲ ಎಂದು ನಕ್ಕಿದ್ದರಂತೆ.

ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚು ಬರೆದ ಮಕ್ಕಳ ಕಿವಿ ಹಿಂಡಿದವಳು ನಾನು. ಇಲ್ಲಿ ಜಗತ್ತಿನ ಅತ್ಯಂತ ನಂಬಿಕಸ್ಥ ಶಾಸ್ತ್ರವೇ 120 ಸೊನ್ನೆ ತಪ್ಪುತ್ತಿದೆ. ನಂಬಿಕಸ್ಥ ಎಂದು ಸುಮ್ಮನೆ ಹೇಳುತ್ತಿಲ್ಲ. ಎಲೆಕ್ಟ್ರಾನಿನ ಕಾಂತಗುಣವನ್ನು ಇದೇ ಶಾಸ್ತ್ರ ಹತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಸರಿಯಾಗಿ ಹೇಳುತ್ತದೆ. ನಮ್ಮ ಕಾಳಿ ನದಿಯ ಮೇಲ್ದಂಡೆಯ ಕೈಗಾದಲ್ಲಿ ಮೊದಲನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತಲ್ಲ, ಅದರ ಒಳಗಿನ ಯುರೇನಿಯಂ ಒಡೆಯುವುದೂ ಕ್ವಾಂಟಂ ನಿಯಮದಂತೆಯೇ. ಆ ಶಾಸ್ತ್ರವನ್ನು ಬಿಸಾಡುವಂತಿಲ್ಲ, ಐನ್‌ಸ್ಟೈನ್ ಗುರುತ್ವವನ್ನೂ ಬಿಸಾಡುವಂತಿಲ್ಲ. ಬೇರೆ ಬೇರೆ ಕೂತಾಗ ಎರಡೂ ಸರಿ. ಒಂದೇ ಪಂಕ್ತಿಗೆ ಕೂರಿಸಿ ಖಾಲಿ ಜಾಗದ ತೂಕ ಎಷ್ಟು ಎಂದು ಕೇಳಿದರೆ ಮಾತ್ರ ಎಲೆ ಬಿಟ್ಟು ಎದ್ದುಹೋಗುತ್ತವೆ.

ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದಲ್ಲಿದ್ದ ತಾಣು ಪದ್ಮನಾಭನ್ ಈ ಒಗಟಿನ ಜೊತೆ ವರ್ಷಗಟ್ಟಲೆ ಗುದ್ದಾಡಿದವರು. 'ನಿರ್ವಾತದ ತೂಕ' ಎಂದು ಅವರು ಇದನ್ನು ಕರೆದದ್ದು ನನಗೆ ತುಂಬಾ ಹಿಡಿಸಿದ ಮಾತು. ನಿರ್ವಾತಕ್ಕೆ ಶಕ್ತಿ ಇದ್ದರೂ ಅದು ಗುರುತ್ವದ ತಕ್ಕಡಿಗೇ ಬರದಂತೆ ಗುರುತ್ವವನ್ನು ಬೇರೆ ರೀತಿ ಕಟ್ಟಬಹುದೇ ಎಂದು ಅವರು ಹುಡುಕಿದರು. 2021ರಲ್ಲಿ ತೀರಿಕೊಂಡರು.

ಬೇರೆಯವರ ಹಾದಿಗಳೂ ಇವೆ. ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ 1987ರಲ್ಲಿ ಹೇಳಿದ್ದು: ಈ ಸ್ಥಿರಾಂಕ ತೀರ ದೊಡ್ಡದಿದ್ದರೆ ಗ್ಯಾಲಕ್ಸಿಗಳೇ ಕಟ್ಟಿಕೊಳ್ಳುತ್ತಿರಲಿಲ್ಲ, ಪ್ರಶ್ನೆ ಕೇಳಲು ನಾವೂ ಇರುತ್ತಿರಲಿಲ್ಲ. ನಿಜ, ಸ್ಥಿರಾಂಕ ಅಳತೆಗೆ ಸಿಗುವ ಹತ್ತು ವರ್ಷ ಮೊದಲೇ ಹೇಳಿದ ಧೈರ್ಯದ ಮಾತು. ಆದರೂ ನನಗೆ ಹೊಟ್ಟೆ ತುಂಬುವುದಿಲ್ಲ. ಈ ಊರಿನಲ್ಲಿ ಮಳೆ ಯಾಕೆ ಹೆಚ್ಚು ಎಂದು ಕೇಳಿದರೆ, ಮಳೆ ಇಲ್ಲದಿದ್ದರೆ ಇಲ್ಲಿ ಅಡಿಕೆ ತೋಟವೂ ತೋಟದವರೂ ಇರುತ್ತಿರಲಿಲ್ಲ ಎಂದಂತೆ. ಸುಳ್ಳಲ್ಲ, ಆದರೆ ಸಹ್ಯಾದ್ರಿ ಮೋಡವನ್ನು ತಡೆಯುವುದರ ಮಾತು ಅದರಲ್ಲಿಲ್ಲ. ಇನ್ನು ಕೆಲವರು ಇದು ಸ್ಥಿರಾಂಕವೇ ಅಲ್ಲ, ಕಾಲ ಹೋದಂತೆ ಬದಲಾಗುವ ಹೊಸ ಕ್ಷೇತ್ರ ಎನ್ನುತ್ತಾರೆ. ಮತ್ತೆ ಕೆಲವರು ಗುರುತ್ವದ ನಿಯಮವೇ ಬಹುದೂರಕ್ಕೆ ಹೋದಾಗ ಬೇರೆ ಇರಬೇಕು ಎನ್ನುತ್ತಾರೆ.

ಬದಲಾಗುತ್ತದೆ ಎನ್ನುವವರ ಕಡೆಗೆ ಈಚೆಗೆ ತಕ್ಕಡಿ ಸ್ವಲ್ಪ ವಾಲಿದೆ. ಅಮೆರಿಕದ ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲೆ ಡೆಸಿ ಎಂಬ ಉಪಕರಣ ಇದೆ. 4 ಮೀಟರ್ ದೂರದರ್ಶಕಕ್ಕೆ ಜೋಡಿಸಿದ 5,000 ಪುಟ್ಟ ರೋಬಾಟುಗಳು ಒಂದೊಂದು ಗ್ಯಾಲಕ್ಸಿಗೆ ಒಂದೊಂದು ಬೆಳಕಿನ ನಾರನ್ನು ಗುರಿಯಿಡುತ್ತವೆ. ಇದು ನೋಡುವುದು ಸೂಪರ್‌ನೋವಾವನ್ನಲ್ಲ. ಇಳಿತದ ಹೊತ್ತಿಗೆ ನಮ್ಮ ದಂಡೆಯ ಮರಳಿನ ಮೇಲೆ ಅಲೆಯ ಗೆರೆ ಉಳಿದಿರುತ್ತದಲ್ಲ, ಹಾಗೆಯೇ ಬಿಸಿ ಆದಿವಿಶ್ವದಲ್ಲಿ ಓಡಾಡಿದ ಶಬ್ದದ ಅಲೆಗಳ ಗುರುತು ಗ್ಯಾಲಕ್ಸಿಗಳ ಹಂಚಿಕೆಯಲ್ಲಿ ಇಂದಿಗೂ ಉಳಿದಿದೆ. ಇಂದಿನ ಅಳತೆಯಲ್ಲಿ ಆ ಗೆರೆಗಳ ಅಂತರ ಸುಮಾರು 50 ಕೋಟಿ ಜ್ಯೋತಿರ್ವರ್ಷ. ಬೇರೆ ಬೇರೆ ಕಾಲದಲ್ಲಿ ಅದು ಎಷ್ಟು ಅಗಲ ಕಾಣುತ್ತದೆ ಎಂದು ಅಳೆದರೆ ವಿಶ್ವ ಹಿಗ್ಗಿದ ಚರಿತ್ರೆ ಸಿಗುತ್ತದೆ. 2025ರ ಮಾರ್ಚಿನಲ್ಲಿ ಸುಮಾರು ಒಂದೂವರೆ ಕೋಟಿ ಗ್ಯಾಲಕ್ಸಿ ಮತ್ತು ಕ್ವೇಸಾರುಗಳ (ದೂರದ ಗ್ಯಾಲಕ್ಸಿಗಳ ತೀರ ಪ್ರಕಾಶವಾದ ನಡುಭಾಗಗಳ) ಲೆಕ್ಕ ಹೊರಬಂತು. ಅದನ್ನು ಉಳಿದ ಅಳತೆಗಳ ಜೊತೆ ಕೂಡಿಸಿ ನೋಡಿದರೆ ಡಾರ್ಕ್ ಎನರ್ಜಿ ಈಗೀಗ ಸ್ವಲ್ಪ ಸೊರಗುತ್ತಿರುವಂತೆ ತೋರುತ್ತದೆ. ನನ್ನ ತೆಳುವಾಗದ ಅಪ್ಪೆಹುಳಿಯೂ ತೆಳುವಾಗುತ್ತಿದೆಯೋ ಏನೋ.

'ತೋರುತ್ತದೆ' ಅಂದೆ, ನೋಡಿ. ಯಾವ ಸೂಪರ್‌ನೋವಾ ಪಟ್ಟಿಯ ಜೊತೆ ಕೂಡಿಸುತ್ತೀರಿ ಎಂಬುದರ ಮೇಲೆ ಈ ಸುಳಿವಿನ ಬಲ 2.8ರಿಂದ 4.2 ಸಿಗ್ಮಾ. ಕಂಡುಹಿಡಿದೆವು ಎಂದು ಹೇಳಲು ಭೌತಶಾಸ್ತ್ರದವರು ಇಟ್ಟುಕೊಂಡ ಗೆರೆ 5. ಸುಮ್ಮನೆ ಆಕಸ್ಮಿಕವಾಗಿ ಹಾಗೆ ಕಾಣುವ ಸಂಭವ ಸುಮಾರು 35 ಲಕ್ಷದಲ್ಲಿ ಒಂದಾಗುವವರೆಗೆ ಅವರು ಬಾಯಿ ಬಿಗಿಹಿಡಿಯುತ್ತಾರೆ. ಒಂದೂವರೆ ಕೋಟಿ ಗ್ಯಾಲಕ್ಸಿ ಅಳೆದವರೂ ಇನ್ನೂ ಗೊತ್ತಾಗಿಲ್ಲ ಎನ್ನುತ್ತಿದ್ದಾರೆ. ಕಾರವಾರದ ಒಂದು ಹೈಸ್ಕೂಲಿನ ವೇದಿಕೆ ಮೇಲೆ, ಕೈಯಲ್ಲಿ ಒಂದು ಕಾರ್ಡು ಹಿಡಿದ ನನಗೆ ಮಾತ್ರ ಗೊತ್ತಿತ್ತು.

ಈಗ ಕೇಳಿಕೊಳ್ಳುವುದು. ಪ್ರಶ್ನೆ ಕೇಳುವಾಗ ಹೆಸರು ಬೇಕಿದ್ದರೆ ಹೆಸರು ಕೇಳಿ: "ಇದಕ್ಕೆ ಇಟ್ಟ ಹೆಸರೇನು?" ಕಾರಣ ಎಂದು ಕೇಳಿದರೆ ಕಾರಣವೇ ಕಾರ್ಡಿನಲ್ಲಿರಬೇಕು. ಇಲ್ಲದಿದ್ದರೆ 'ಇನ್ನೂ ತಿಳಿದಿಲ್ಲ' ಎಂದು ಕಾರ್ಡಿನಲ್ಲೇ ಅಚ್ಚು ಹಾಕಿಸಿ. ಪ್ರತಿ ಸ್ಪರ್ಧೆಯಲ್ಲಿ, ಪ್ರತಿ ಪ್ರಶ್ನೆಪತ್ರಿಕೆಯಲ್ಲಿ ಉತ್ತರ ಸಿಕ್ಕಿಲ್ಲದ ಒಂದು ಪ್ರಶ್ನೆಯಾದರೂ ಇರಲಿ. ಏನು ಗೊತ್ತು, ಎಲ್ಲಿಂದ ಮುಂದೆ ಗೊತ್ತಿಲ್ಲ ಎಂದು ಮಗು ಗೆರೆ ಎಳೆದು ತೋರಿಸಿದರೆ ಅಂಕ ಕೊಡಿ. ಇದನ್ನು ತಿದ್ದುವುದು ಕಷ್ಟ, ಮಾದರಿ ಉತ್ತರ ಇಟ್ಟುಕೊಂಡು ಟಿಕ್ ಹಾಕುವಂತಿಲ್ಲ ಎಂದು ನೀವು ಹೇಳುತ್ತೀರಿ. ಗೊತ್ತು. ದಿನಕ್ಕೆ ಇಷ್ಟೆಂದು ಕಟ್ಟು ಮುಗಿಸುವ ಗಡಿಬಿಡಿಯಲ್ಲಿ ನಾನೂ ಮೂವತ್ತೊಂದು ವರ್ಷ ಅದನ್ನೇ ಹೇಳಿದವಳು. ಹಾಗೆ ಅಂಕ ಕೊಟ್ಟರೆ ಸೋಮಾರಿ ಮಕ್ಕಳು ಎಲ್ಲದಕ್ಕೂ 'ವಿಜ್ಞಾನಕ್ಕೆ ಗೊತ್ತಿಲ್ಲ' ಎಂದು ಬರೆದುಬಿಡುತ್ತಾರೆ ಎಂಬ ಹೆದರಿಕೆಯೂ ಇದೆ. ಬರೆಯಲಿ. ನೀರಿನ ಕುದಿಬಿಂದು ಗೊತ್ತಿಲ್ಲ ಎಂದವನನ್ನೂ ನಿರ್ವಾತದ ತೂಕ ಗೊತ್ತಿಲ್ಲ ಎಂದವಳನ್ನೂ ಬೇರೆ ಮಾಡಲಾರದಷ್ಟು ನಾವು ಸೋತಿಲ್ಲ.

ಇನ್ನೊಂದು ಬಾಕಿ ಇದೆ. ಆ ದಿನದ ಅಂಕಪಟ್ಟಿ ನನ್ನ ಹತ್ತಿರವೇ ಉಳಿದಿದೆ. ಮೂರನೇ ತಂಡದ ಸಾಲಿನಲ್ಲಿ, ಆರನೇ ಸುತ್ತಿನ ಕೆಳಗೆ ಇದ್ದ ಸೊನ್ನೆಯನ್ನು ಹೊಡೆದು 10 ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಮೊತ್ತ ಬದಲಾಗುತ್ತದೆ, ಆ ತಂಡ ಮೊದಲನೇ ಸ್ಥಾನಕ್ಕೆ ಬರುತ್ತದೆ. ಘಟ್ಟದ ಮೇಲಿನ ಹುಡುಗರಿಂದ ಟ್ರೋಫಿ ವಾಪಸು ಕೇಳಬೇಡಿ. ಅವರು ಕಾರ್ಡಿನಲ್ಲಿದ್ದದ್ದನ್ನೇ ಹೇಳಿದವರು, ತಪ್ಪು ಅವರದ್ದಲ್ಲ. ಹುಡುಗಿ ಈಗ ಪಿಯುಸಿ ಮೊದಲ ವರ್ಷ ಓದುತ್ತಿದ್ದಾಳೆ. ಅವಳಿಗೆ ಇದರ ಸುದ್ದಿ ಹೇಳಿಲ್ಲ. ಪಟ್ಟಿಯಲ್ಲಿ ಸಂಘಟಕರ ಸಹಿಯೂ ಬೇಕು, ಜಾಗ ಬಿಟ್ಟಿದ್ದೇನೆ. ಹಾಳೆಯನ್ನು ಯಾವ ದಿನ ಎಲ್ಲಿಗೆ ತರಬೇಕೆಂದು ತಿಳಿಸಿದರೆ ನಾನೇ ತರುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಕಾರವಾರ